ಓದದೆ ಸಹಿ ಹಾಕಬೇಡಿ: ಕುಡಿಸಿದವರು ಕೈತೊಳೆದುಕೊಂಡ ಬಗೆ

ಇದನ್ನು ಬರೆಯುವಾಗ ಕೋಪಕ್ಕಿಂತ ನಾಚಿಕೆಯೇ ಹೆಚ್ಚಾಗುತ್ತಿದೆ. ಇಪ್ಪತ್ತೆರಡು ವರ್ಷ ಬ್ಯಾಂಕಿನ ಸಾಲ ವಿಭಾಗದಲ್ಲಿ ಕುಳಿತು, ಎದುರಿಗೆ ಬಂದ ಪ್ರತಿಯೊಬ್ಬರಿಗೂ "ಓದಿ ಸಹಿ ಮಾಡಿ" ಎಂದು ಹೇಳಿದವನು ನಾನು. ಅದೇ ನಾನು ಕಳೆದ ತಿಂಗಳು, ವಿಮಾನ ಇಳಿಯಲು ಅರ್ಧ ಗಂಟೆ ಇರುವಾಗ, ಒಂದು ಕಾಗದಕ್ಕೆ ಓದದೆ ಸಹಿ ಹಾಕಿ ಕೊಟ್ಟೆ.

ಕೊಲ್ಲಿ ದೇಶದಲ್ಲಿರುವ ತಮ್ಮನ ಮನೆಯಿಂದ ತಾಯಿಯವರನ್ನು ಕರೆದುಕೊಂಡು ಬೆಂಗಳೂರಿಗೆ ಮರಳುತ್ತಿದ್ದೆ. ವಿಮಾನ ನಮ್ಮ ದೇಶದ ಸಂಸ್ಥೆಯದೇ, ಪ್ರಯಾಣ ನಾಲ್ಕು ಗಂಟೆಯದು. ಕಿಟಕಿಯ ಪಕ್ಕ ನಾನು, ನಡುವೆ ಅಮ್ಮ, ಓಡಾಡುವ ದಾರಿಯ ಬದಿಗೆ ಸುಮಾರು ನಲವತ್ತರ ಒಬ್ಬ ವ್ಯಕ್ತಿ. ಆತ ಹತ್ತುವಾಗಲೇ ತೂರಾಡುತ್ತಿದ್ದ. ಬಾಗಿಲಲ್ಲಿ ನಿಂತು ನಮಸ್ಕಾರ ಹೇಳಿದ ಸಿಬ್ಬಂದಿಯ ಮೂಗಿಗೆ ಆ ವಾಸನೆ ಬಡಿಯಲಿಲ್ಲ ಎಂದರೆ ನಾನು ನಂಬುವುದಿಲ್ಲ. ಊಟದ ಜೊತೆ ಎರಡು ಪುಟ್ಟ ವಿಸ್ಕಿ ಬಾಟಲಿ ಕೊಟ್ಟರು, ಆಮೇಲೆ ಕರೆಗಂಟೆ ಒತ್ತಿದಾಗಲೆಲ್ಲ ಮತ್ತೊಂದು, ಮಗದೊಂದು. ಆತನ ಮುಂದಿನ ಸೀಟಿನ ಜೇಬಿನಲ್ಲಿ ಆರು ಖಾಲಿ ಬಾಟಲಿಗಳನ್ನು ನಾನೇ ಎಣಿಸಿದ್ದೇನೆ. "ಅವನಿಗೆ ಮತ್ತೆ ಯಾಕೋ ಕೊಡ್ತಾರೆ ಇವರು?" ಎಂದು ಅಮ್ಮ ಕೇಳಿದರು. ನಾನು ಗಗನಸಖಿಯನ್ನು ಕರೆದು ಅದನ್ನೇ ಕೇಳಿದೆ. "ಸರ್, ಅವರು ಕೇಳುತ್ತಿದ್ದಾರೆ, ನಾವು ಇಲ್ಲ ಎನ್ನಲಾಗುವುದಿಲ್ಲ" ಎಂದರು. ಐದು ನಿಮಿಷಕ್ಕೆ ಏಳನೆಯದು ಬಂತು.

ಸ್ವಲ್ಪ ಹೊತ್ತಿಗೆ ಅಮ್ಮ ಶೌಚಾಲಯಕ್ಕೆ ಹೋಗಲು ದಾರಿ ಕೇಳಿದರು. ಆತ ಬಾಯಿಗೆ ಬಂದಂತೆ ಬೈದು, ಎದ್ದು ನಿಂತ ಅಮ್ಮನನ್ನು ಮೊಣಕೈಯಿಂದ ತಳ್ಳಿದ. ಅಮ್ಮನ ಭುಜ ಸೀಟಿನ ಕೈಗೆ ಬಡಿಯಿತು, ಲೋಟದಲ್ಲಿದ್ದುದೆಲ್ಲ ಸೀರೆಯ ಮೇಲೆ ಚೆಲ್ಲಿತು. ಮಡಿಲಲ್ಲಿಟ್ಟುಕೊಂಡಿದ್ದ ಜಪಮಾಲೆಯ ಬಟ್ಟೆಚೀಲವೂ ನೆನೆಯಿತು. ಅಮ್ಮ ಭುಜ ನೋಡಿಕೊಳ್ಳಲಿಲ್ಲ, ಮೊದಲು ಆ ಚೀಲವನ್ನು ಹಿಂಡಿದರು. ನಾನು ಏನು ಮಾಡಿದೆ? "ಹೋಗಲಿ ಬಿಡಮ್ಮ, ಇನ್ನೊಂದು ಗಂಟೆ" ಎಂದೆ. ಆ ಮಾತು ನನ್ನನ್ನು ಈಗಲೂ ಚುಚ್ಚುತ್ತಿದೆ.

ಸಿಬ್ಬಂದಿ ನಮ್ಮನ್ನು ಹಿಂದಿನ ಸಾಲಿಗೆ ಕಳಿಸಿದರು, ಕ್ಷಮೆ ಕೇಳಿದರು, ಬಿಸಿನೀರು, ಕಾಗದದ ಕರವಸ್ತ್ರ ಕೊಟ್ಟರು. ಅಷ್ಟು ಮೃದುವಾಗಿ ನಡೆದುಕೊಂಡದ್ದರಿಂದಲೇ ನಾನು ಮೋಸಹೋದೆ. ವಿಮಾನ ಕೆಳಗಿಳಿಯತೊಡಗಿದಾಗ ಅವರಲ್ಲಿ ಹಿರಿಯರಾದವರು ಒಂದು ಹಾಳೆ ಹಿಡಿದು ಬಂದು, "ನಮ್ಮ ದಾಖಲೆಗಾಗಿ ಅಷ್ಟೇ ಸರ್, ನಡೆದದ್ದನ್ನು ಬರೆದಿದ್ದೇವೆ, ಇಲ್ಲೊಂದು ಸಹಿ" ಎಂದರು. ದೀಪ ಆರಿಸಿದ್ದರು, ನನ್ನ ಕನ್ನಡಕ ಮೇಲಿನ ಬ್ಯಾಗಿನಲ್ಲಿತ್ತು. ಸಹಿ ಹಾಕಿದೆ. ದೂರು ದಾಖಲಾಯಿತು ಎಂದುಕೊಂಡೆ, ಅವರಿಗೆ ಧನ್ಯವಾದವನ್ನೂ ಹೇಳಿದೆ!

ವಾರದ ನಂತರ, ವಿಮಾನ ಸಂಸ್ಥೆಗೆ ನಾನು ಬರೆದಿದ್ದ ಮಿಂಚಂಚೆಗೆ ಉತ್ತರ ಬಂತು. "ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ. ಇದು ಇಬ್ಬರು ಪ್ರಯಾಣಿಕರ ನಡುವಿನ ವಿಷಯವಾಗಿದ್ದು, ವಿಮಾನದಲ್ಲಿಯೇ ಸೌಹಾರ್ದವಾಗಿ ಇತ್ಯರ್ಥವಾಗಿದೆ ಎಂದು ತಾವು ಸಹಿ ಮಾಡಿರುತ್ತೀರಿ." ಜೊತೆಗೆ ನನ್ನ ಸಹಿಯಿದ್ದ ಹಾಳೆಯ ಚಿತ್ರ. ಸೌಹಾರ್ದವಾಗಿ! ಆತನ ಹೆಸರೇ ನನಗೆ ಗೊತ್ತಿಲ್ಲ. ಏಳು ಬಾಟಲಿ ಕೊಟ್ಟದ್ದೇಕೆ ಎಂದು ಮತ್ತೆ ಬರೆದೆ. "ಮದ್ಯ ಸೇವನೆ ಪ್ರಯಾಣಿಕರ ವೈಯಕ್ತಿಕ ನಿರ್ಧಾರ" ಎಂದರು. ಕೇಳಿದ್ದು ಆತನ ನಿರ್ಧಾರ ಇರಬಹುದು, ಕೊಟ್ಟದ್ದು ಯಾರ ನಿರ್ಧಾರ ಎಂದು ಮೂರನೆಯ ಬಾರಿ ಬರೆದೆ. ಅದಕ್ಕೆ ಉತ್ತರವಾಗಿ ಐದು ಸಾವಿರ ರೂಪಾಯಿಯ ಕೂಪನ್ ಬಂತು, ಆರು ತಿಂಗಳೊಳಗೆ ಅವರದೇ ವಿಮಾನದಲ್ಲಿ ಬಳಸಬೇಕಂತೆ.

ಆಮೇಲೆ ನಿಯಮಗಳನ್ನು ಹುಡುಕಿ ಓದಿದೆ, ಓದಿದಷ್ಟೂ ಉರಿಯಿತು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2017ರಲ್ಲಿ ಪರಿಷ್ಕರಿಸಿದ ನಿಯಮದಂತೆ, ಕುಡಿದು ಗಲಾಟೆ ಮಾಡುವುದು ಮತ್ತು ಬೈಯುವುದು ಮೊದಲ ಹಂತದ ತಪ್ಪು, ತಳ್ಳುವುದು ಎರಡನೆಯ ಹಂತದ್ದು, ಅದಕ್ಕೆ ಆರು ತಿಂಗಳವರೆಗೆ ಹಾರಾಟ ನಿಷೇಧ. ನಿವೃತ್ತ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿ 30 ದಿನದೊಳಗೆ ತೀರ್ಮಾನಿಸಬೇಕು. ಆದರೆ ಆ ಸಮಿತಿಗೆ ವಿಷಯ ಒಪ್ಪಿಸಬೇಕಾದವರು ಇದೇ ಸಂಸ್ಥೆಯವರು, ಅವರ ಕೈಯಲ್ಲಿ ನನ್ನ ಸಹಿ ಇದೆ! 2022ರ ನವೆಂಬರಿನಲ್ಲಿ ನ್ಯೂಯಾರ್ಕ್‌ನಿಂದ ದಿಲ್ಲಿಗೆ ಬರುತ್ತಿದ್ದ ಏರ್ ಇಂಡಿಯಾ ವಿಮಾನದಲ್ಲಿ ವೃದ್ಧೆಯ ಮೇಲೆ ಕುಡುಕನೊಬ್ಬ ಮೂತ್ರ ಮಾಡಿದ ಆರೋಪ ಬಂದಾಗಲೂ, ಇಬ್ಬರೂ ರಾಜಿಯಾಗಿದ್ದಾರೆಂದು ಭಾವಿಸಿ ಪೊಲೀಸರಿಗೆ ತಿಳಿಸಲಿಲ್ಲ ಎಂಬ ಸಮಜಾಯಿಷಿಯೇ ಬಂದಿತ್ತು. ಸುದ್ದಿ ಹೊರಬಿದ್ದ ಮೇಲೆ 2023ರ ಜನವರಿಯಲ್ಲಿ ಸಂಸ್ಥೆಗೆ 30 ಲಕ್ಷ ರೂಪಾಯಿ ದಂಡ ಬಿತ್ತು, ಪೈಲಟ್‌ನ ಪರವಾನಗಿ ಮೂರು ತಿಂಗಳು ಅಮಾನತಾಯಿತು, ಆರೋಪಿ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲಿ. ಅಮೆರಿಕದಲ್ಲಂತೂ, ಅಮಲೇರಿದಂತೆ ಕಾಣುವವರಿಗೆ ವಿಮಾನದಲ್ಲಿ ಮದ್ಯ ಕೊಡಲೇಬಾರದು ಎಂಬ ನಿಯಮ ಸಂಸ್ಥೆಯ ಮೇಲೆಯೇ ಇದೆ. ನಮ್ಮಲ್ಲಿ ದೇಶದೊಳಗಿನ ಹಾರಾಟಗಳಲ್ಲಿ ಮದ್ಯ ಕೊಡುವುದೇ ಇಲ್ಲ, ಅದರಿಂದ ಯಾರೂ ಸತ್ತಿಲ್ಲ.

ಪರಿಚಯದ ವಕೀಲರು, ಅಂತರರಾಷ್ಟ್ರೀಯ ವಿಮಾನ ಪ್ರಯಾಣಕ್ಕೆ ಅನ್ವಯಿಸುವ ಮಾಂಟ್ರಿಯಲ್ ಒಪ್ಪಂದದಡಿ ದೇಹಕ್ಕಾದ ಗಾಯಕ್ಕೆ ಪರಿಹಾರ ಕೇಳಬಹುದು, ಎರಡು ವರ್ಷದೊಳಗೆ ದಾವೆ ಹೂಡಬೇಕು ಎಂದರು. ನಂತರ "ವೈದ್ಯರ ಚೀಟಿ ಎಲ್ಲಿ?" ಎಂದು ಕೇಳಿದರು. ಅಮ್ಮನ ಭುಜ ನಾಲ್ಕು ದಿನ ನೀಲಿಗಟ್ಟಿತ್ತು, ನಾವು ಮನೆಯಲ್ಲಿ ಎಣ್ಣೆ ಹಚ್ಚಿದೆವು. ಚೀಟಿ ಇಲ್ಲ.

ಆದ್ದರಿಂದ ದಯವಿಟ್ಟು, ವಿಮಾನದಲ್ಲಿ ಯಾರು ಎಷ್ಟೇ ನಯವಾಗಿ ಕೊಟ್ಟರೂ ಯಾವ ಕಾಗದಕ್ಕೂ ಸಹಿ ಹಾಕಬೇಡಿ, ಹಾಕಲೇಬೇಕೆಂದರೆ "ರಾಜಿ ಇಲ್ಲ" ಎಂದು ಕೈಯಾರೆ ಬರೆದು, ಅದರ ಚಿತ್ರ ತೆಗೆದಿಟ್ಟುಕೊಳ್ಳಿ. ಖಾಲಿ ಬಾಟಲಿಗಳ ಚಿತ್ರವನ್ನೂ ತೆಗೆಯಿರಿ. ಇಳಿದ ಕೂಡಲೇ ವಿಮಾನ ನಿಲ್ದಾಣದ ಪೊಲೀಸರ ಬಳಿ ಹೋಗಿ, ಪೆಟ್ಟಾಗಿದ್ದರೆ ಅಲ್ಲಿಯ ವೈದ್ಯರಿಂದಲೇ ಬರೆಸಿಕೊಳ್ಳಿ. ನನ್ನಂತೆ ಸಾಮಾನು ಬರುವ ಬೆಲ್ಟಿನ ಕಡೆಗೆ ಓಡಬೇಡಿ.

ಕೂಪನ್ ಹಾಗೆಯೇ ಇದೆ. ಅದನ್ನು ಬಳಸಿದರೆ ಮತ್ತೊಮ್ಮೆ ರಾಜಿಯಾದಂತೆ ಎಂದು ಬರೆದುಕೊಳ್ಳುತ್ತಾರೇನೋ ಎಂಬ ಭಯಕ್ಕೆ, ಅದರ ಅಡಿಯಲ್ಲಿರುವ ಸಣ್ಣ ಅಕ್ಷರದ ಷರತ್ತುಗಳನ್ನು ಈಗ ಕನ್ನಡಕ ಹಾಕಿಕೊಂಡು ಓದುತ್ತಿದ್ದೇನೆ.