ರಾಗಿ ಕಾಳು ನುಂಗಿದ ತಕ್ಕಡಿ

ಈ ಒಂದೂವರೆ ವರ್ಷದಲ್ಲಿ ಎರಡು ಡಿಜಿಟಲ್ ತಕ್ಕಡಿ ಕೊಂಡಿದ್ದೇನೆ. ಮೊದಲನೆಯದು 1,650 ರೂಪಾಯಿ, ಆನ್‌ಲೈನ್‌ನಲ್ಲಿ ತರಿಸಿದ್ದು. ಎರಡನೆಯದು 11,800, ನಗರ್ತಪೇಟೆಯಲ್ಲಿ ಚೌಕಾಸಿ ಮಾಡಿ ತಂದಿದ್ದು. ಎರಡರ ಪರದೆಯಲ್ಲೂ ಚುಕ್ಕಿ ಆದಮೇಲೆ ಮೂರು ಅಂಕಿ ಬರುತ್ತದೆ. ಹಾಗಾದರೆ ಹತ್ತು ಸಾವಿರ ದಂಡ ಅಲ್ವಾ ಅನ್ನೋದು ನಮ್ಮ ಮನೆಯವರ ಪ್ರಶ್ನೆ. ಅಲ್ಲ ಅನ್ನೋದಕ್ಕೆ ಇಷ್ಟು ಬರೆಯುತ್ತಿದ್ದೇನೆ.

ನಾನು ತೂಗೋದು ಚಿನ್ನ ಅಲ್ಲ, ಸೀಸದ ಪೆಲೆಟ್. ಬ್ಯಾಂಕಿನಿಂದ ವಿಆರ್‌ಎಸ್ ತಗೊಂಡ ಮೇಲೆ ಮಗಳ ಜೊತೆ ಶೂಟಿಂಗ್ ರೇಂಜಿಗೆ ಹೋಗಿದ್ದೆ. ಅವಳು ಬಿಟ್ಟಳು, ನಾನು ಉಳಿದೆ. 10 ಮೀಟರ್ ಏರ್ ಪಿಸ್ತೂಲ್. ಅದರ ಪೆಲೆಟ್ 4.5 ಮಿಲಿಮೀಟರ್ ದಪ್ಪ, ಡಮರುಗದ ಹಾಗೆ ನಡು ಸಣ್ಣ. ಡಬ್ಬಿಗೆ 500. ನಾನು ಬಳಸುವ ಡಬ್ಬಿಯ ಮೇಲೆ 0.45 ಗ್ರಾಂ ಅಂತ ಇದೆ. ಅಂದರೆ ಹೆಚ್ಚುಕಮ್ಮಿ ನಾಲ್ಕು ಗುಲಗಂಜಿ ತೂಕ. ತೂಕ ಬೇರೆಯಾದರೆ ಗುರಿ ಚೂರು ತಪ್ಪಬಹುದು ಅಂತ ಇದರಲ್ಲಿ ತೀರಾ ಹಗುರದ್ದು, ತೀರಾ ಭಾರದ್ದು ಆರಿಸಿ ಪಕ್ಕಕ್ಕಿಡಬೇಕು, ಅಷ್ಟೇ ಕೆಲಸ.

ತಕ್ಕಡಿಯ ಹುಚ್ಚು ಹತ್ತಿಸಿದ್ದು ಟೆಕ್ಸಾಸ್‌ನಲ್ಲಿರುವ ನನ್ನ ತಮ್ಮ. ಅವನು ಗ್ಯಾರೇಜಿನಲ್ಲಿ ಕೂತು 9 ಎಂಎಂ ಪಿಸ್ತೂಲಿನ ಖಾಲಿ ತೋಟಾಗಳಿಗೆ ಮತ್ತೆ ಮದ್ದು ತುಂಬುತ್ತಾನೆ. ಅಲ್ಲಿ ಅದೊಂದು ಹವ್ಯಾಸ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಅದಕ್ಕೆ ಕೈ ಹಾಕುವ ಹಾಗೇ ಇಲ್ಲ. ವಿಡಿಯೋ ಕಾಲ್‌ನಲ್ಲಿ ಅವನ ಮದ್ದು ಅಳೆಯುವ ಯಂತ್ರ ನೋಡಿದೆ. ಮೇಲೆ ಕೊಳವೆ, ಕೆಳಗೆ ಗುಳಿ ಇರುವ ಉರುಳೆ, ಪಕ್ಕದಲ್ಲಿ ಹಿಡಿ. ಹಿಡಿ ತಿರುಗಿಸಿದರೆ ಗುಳಿ ತುಂಬಿದಷ್ಟು ಮದ್ದು ಕೆಳಗೆ ಬೀಳುತ್ತದೆ.

"ಅಕ್ಕ, ಇದು ನಮ್ಮ ಪಾವು ಇದ್ದ ಹಾಗೆ. ಅಳೆಯುತ್ತೆ, ತೂಗಲ್ಲ," ಅಂದ.

ಗುಂಡು ಗುಂಡಾದ ಮದ್ದು ಸಾಸಿವೆ ಥರ ಸಲೀಸಾಗಿ ಇಳಿಯುತ್ತದೆ, ಪ್ರತಿ ಸಲ ಒಂದೇ ಸಮ. ಚಕ್ಕೆ ಚಕ್ಕೆಯಾದದ್ದು ಅವಲಕ್ಕಿ ಥರ. ಒಮ್ಮೆ ಒತ್ತಾಗಿ ಕೂರುತ್ತದೆ, ಒಮ್ಮೆ ಪೊಳ್ಳು ಬಿಡುತ್ತದೆ. ಅದಕ್ಕೇ ಅವನು ಹತ್ತು ಸಲದ್ದು ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸುತ್ತಾನೆ, ನಡುನಡುವೆ ಒಂದೊಂದನ್ನೇ ತೂಗಿ ನೋಡುತ್ತಾನೆ. ಲೆಕ್ಕವೆಲ್ಲ ಗ್ರೇನ್‌ನಲ್ಲಿ. ಒಂದು ಗ್ರೇನ್ ಅಂದರೆ 64.8 ಮಿಲಿಗ್ರಾಂ. "ಅಳೆಯೋ ಯಂತ್ರ ಎಷ್ಟೇ ಒಳ್ಳೇದಿರಲಿ, ತಕ್ಕಡಿ ಸುಳ್ಳು ಹೇಳಿದ್ರೆ ಮುಗೀತು," ಅಂದಿದ್ದ. ಮದ್ದು ಜಾಸ್ತಿಯಾದರೆ ಪಿಸ್ತೂಲು ಕೈಯಲ್ಲೇ ಸಿಡಿಯಬಹುದು, ಅವನಿಗೆ ಅದು ಕಣ್ಣು, ಕೈಬೆರಳಿನ ಪ್ರಶ್ನೆ. ನನಗೆ ಒಂದೆರಡು ಪಾಯಿಂಟಿನ ಪ್ರಶ್ನೆ.

ಸರಿ, ಮೊದಲನೆಯ ತಕ್ಕಡಿ. ಅಂಗೈಯಗಲ, ನೋಡಲು ಮುದ್ದಾಗಿದೆ. ಜೊತೆಗೆ ತಕ್ಕಡಿ ಪರೀಕ್ಷಿಸಲು 20 ಗ್ರಾಂ ತೂಕದ ಬೊಟ್ಟು, ಚಿಮಟ, ಪುಟ್ಟ ತಟ್ಟೆ. ಡಬ್ಬಿ ಒಡೆದು ಬೊಟ್ಟು ಇಟ್ಟರೆ 19.98 ಚಿಲ್ಲರೆ ತೋರಿಸಿತು. ಅದರಲ್ಲಿ ತಪ್ಪೇನಿಲ್ಲ. ಈ ತಕ್ಕಡಿಗಳು ನೋಡುವುದು ಭೂಮಿ ಎಳೆಯುವ ಬಲವನ್ನು. ಅದು ಊರಿಂದ ಊರಿಗೆ ಚೂರು ಬೇರೆ, ನಮ್ಮ ಬೆಂಗಳೂರಾದರೆ ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ. ಹಾಗಾಗಿ ಎಲ್ಲೇ ತಯಾರಾದದ್ದಿರಲಿ, ಇಲ್ಲಿ ಬಂದ ಮೇಲೆ ಬೊಟ್ಟು ಇಟ್ಟು ಒಮ್ಮೆ ಸರಿಮಾಡಿಕೊಳ್ಳಬೇಕು. ಮಾಡಿದೆ. 20.000 ಬಂತು. ಖುಷಿಯಾದೆ.

ಖುಷಿ ಒಂದು ವಾರ ಇತ್ತು. ಒಂದೇ ಪೆಲೆಟ್ಟನ್ನು ಐದು ಸಲ ಇಟ್ಟೆ. 0.451, 0.447, 0.455, 0.449, ಮತ್ತೆ 0.455. ಒಂದೇ ಪೆಲೆಟ್ ಸ್ವಾಮಿ! ಫ್ಯಾನ್ ಆರಿಸಿದೆ. ಊಟದ ಮೇಜು ಅಲ್ಲಾಡುತ್ತದೆ ಅಂತ ಹಾಲ್‌ನ ಕಡಪ ಕಲ್ಲಿನ ಕಟ್ಟೆ ಮೇಲಿಟ್ಟೆ. ಬ್ಯಾಟರಿ ಬದಲಿಸಿದೆ. ಚೂರು ಸುಧಾರಿಸಿತು, ಅಷ್ಟೇ.

ಆಮೇಲೆ ರಾಗಿ ತಂದೆ. ಒಂದು ರಾಗಿ ಕಾಳು ಎರಡೂವರೆ, ಮೂರು ಮಿಲಿಗ್ರಾಂ ತೂಗುತ್ತದೆ. ತಟ್ಟೆಗೆ ಒಂದು ಕಾಳು ಹಾಕಿದೆ. 0.000. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. 0.000. ಹೀಗೆ ಹತ್ತು ಕಾಳು ಕಣ್ಣೆದುರೇ ಕೂತಿವೆ, ಪರದೆ ಮಾತ್ರ ಸೊನ್ನೆ ಅನ್ನುತ್ತಿದೆ. ಅದೇ ಹತ್ತನ್ನೂ ತೆಗೆದು ಒಟ್ಟಿಗೆ ಸುರಿದರೆ 0.027! ಸೊನ್ನೆ ಅಲುಗಾಡಬಾರದು ಅಂತ ಒಳಗೊಂದು ಏರ್ಪಾಡು ಇರುತ್ತದೆ. ಸಣ್ಣಪುಟ್ಟ ಬದಲಾವಣೆ ಕಂಡರೆ ತಕ್ಕಡಿ ತಾನೇ ಅದನ್ನು ಸೊನ್ನೆ ಅಂದುಕೊಂಡುಬಿಡುತ್ತದೆ. ಪೆಲೆಟ್ ಒಂದೇ ಏಟಿಗೆ ಇಡುವುದರಿಂದ ನನಗೆ ಇದರಿಂದ ನಷ್ಟವಿಲ್ಲ. ಆದರೆ ತಮ್ಮನ ಥರ ಚಿಟಿಕೆ ಚಿಟಿಕೆಯಾಗಿ ಉದುರಿಸಿ ತೂಗುವವರ ಗತಿ? ತಕ್ಕಡಿ ಕಮ್ಮಿ ತೋರಿಸುತ್ತಲೇ ಇರುತ್ತದೆ, ಇವರು ಹಾಕುತ್ತಲೇ ಇರುತ್ತಾರೆ. ಅವನಿಗೆ ಹೇಳಿದೆ. "ಅದಕ್ಕೇ ಹಳೇ ತೂಗುಕಡ್ಡಿ ತಕ್ಕಡೀನೂ ಬಿಸಾಡಿಲ್ಲ ಅಕ್ಕ," ಅಂದ.

ಎರಡನೆಯದನ್ನು ಕೊಳ್ಳುವಾಗ ಬುದ್ಧಿ ಬಂದಿತ್ತು. ನ್ಯಾಷನಲ್ ಕಾಲೇಜು ಸ್ಟೇಷನ್‌ನಲ್ಲಿ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದೆ. ಚೀಲದಲ್ಲಿ ಹತ್ತು ಪೆಲೆಟ್, ಕಾಗದದ ಪೊಟ್ಟಣದಲ್ಲಿ ರಾಗಿ. ಅಕ್ಕಸಾಲಿಗರಿಗೆ ತಕ್ಕಡಿ ಮಾರುವ ಸಣ್ಣ ಅಂಗಡಿ. ಅಂಗಡಿಯವರು ಪೊಟ್ಟಣ ಬಿಚ್ಚಿದ್ದು ನೋಡಿ, "ಏನ್ ಮೇಡಂ, ಮುದ್ದೆ ಮಾಡ್ತೀರಾ?" ಅಂದರು. ಆದರೆ ತಡೆಯಲಿಲ್ಲ. ಅರ್ಧ ಗಂಟೆ ಕೂತು ಮೂರು ತಕ್ಕಡಿ ನೋಡಿದೆ. ಒಂದೇ ಪೆಲೆಟ್ ಹತ್ತು ಸಲ. ಎರಡರಲ್ಲಿ ಮೂರನೇ ಅಂಕಿ ಕುಣಿಯುತ್ತಿತ್ತು. ಮೂರನೆಯದು ಎಂಟು ಸಲ 0.452, ಎರಡು ಸಲ 0.451. ರಾಗಿಯನ್ನೂ ಒಂದೊಂದಾಗಿ ಎಣಿಸಿತು. ಅಲ್ಲೇ ದುಡ್ಡು ಕೊಟ್ಟೆ.

ಇದಕ್ಕೆ ಗಾಜಿನ ಮುಚ್ಚಳ ಇದೆ, ಹಾಗಾಗಿ ಗಾಳಿಯ ಕಾಟವಿಲ್ಲ. ಅಡಿಯಲ್ಲಿ ತಿರುಗಿಸುವ ಕಾಲು, ಸಮ ನೋಡಲು ನೀರಿನ ಗುಳ್ಳೆ. ಕರೆಂಟಿಗೆ ಸಿಕ್ಕಿಸಿ ಅರ್ಧ ಗಂಟೆ ಬಿಟ್ಟು ಶುರು ಮಾಡಬೇಕು, ತಾಳ್ಮೆ ಇಲ್ಲದವರಿಗೆ ಇದು ಬೇಡ. ಬೊಟ್ಟನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಜಿಡ್ಡಿಗೂ ತೂಕ ಇದೆ. ಬೊಟ್ಟು ಕಳೆದುಕೊಂಡವರು 2011ರ ಮಾದರಿಯ ಐದು ರೂಪಾಯಿ ನಾಣ್ಯ ಇಟ್ಟು ನೋಡಬಹುದು. ಹೊಸದಾಗಿದ್ದರೆ ಸುಮಾರು 6 ಗ್ರಾಂ. ಸವೆದ ನಾಣ್ಯ ನಂಬಬೇಡಿ.

ಇಷ್ಟು ಮಾಡಿ ಏನು ಸಿಕ್ಕಿತು? ಒಂದು ಡಬ್ಬಿ ಪೂರ್ತಿ ತೂಗಿದೆ, ಎರಡು ಸಂಜೆ ಹಿಡಿಯಿತು. 500ರಲ್ಲಿ 23 ಬೇರೆ ತೆಗೆದಿಟ್ಟೆ. ನಿಜ ಹೇಳಬೇಕೆಂದರೆ ನನ್ನ ಸ್ಕೋರು ಅದರಿಂದ ಏರಿಲ್ಲ. ಟಾರ್ಗೆಟ್ಟಿನ ನಡುವಿನ ಹತ್ತು ಪಾಯಿಂಟಿನ ವೃತ್ತ 11.5 ಮಿಲಿಮೀಟರ್ ಅಗಲ. ನನ್ನ ಕೈ ಅದಕ್ಕಿಂತ ಜಾಸ್ತಿ ನಡುಗುತ್ತದೆ. ಆದರೆ ಎಂಟಕ್ಕೆ ಬಿದ್ದಾಗ ಪೆಲೆಟ್ ಮೇಲೆ ತಪ್ಪು ಹಾಕುವ ಹಾಗಿಲ್ಲ ಈಗ.

ಹಳೆಯದು ಡ್ರಾಯರಿನಲ್ಲಿದೆ. ಇಂಗು ತೂಗೋಕೆ ಕೊಡೇ ಅಂತ ಮನೆಯವರು ಕೇಳುತ್ತಾರೆ. ಸೀಸ ಕೂತ ತಟ್ಟೆರೀ ಅದು, ಅಡುಗೆಮನೆ ಹೊಸ್ತಿಲು ದಾಟಬಾರದು ಅಂದಿದ್ದೇನೆ. ಪೆಲೆಟ್ ಮುಟ್ಟಿದ ಕೈಯನ್ನೂ ಸೋಪು ಹಾಕಿ ತೊಳೆಯದೆ ನಾನು ಕಾಫಿ ಲೋಟ ಮುಟ್ಟುವುದಿಲ್ಲ.

ಹೊಸದರ ಮೇಲೆ ಒಂದೇ ದೂರು. ಗಾಜಿನ ಮುಚ್ಚಳದ ಹಿಂಜು ಆರನೇ ತಿಂಗಳಿಗೇ ಸೀಳಿತು. ಅಂಗಡಿಯಲ್ಲಿ ಕೇಳಿದರೆ, "ಸ್ಪೇರ್ ಬರ್ಬೇಕು ಮೇಡಂ, ಹದಿನೈದು ದಿನ," ಅಂದರು. ಈಗ ಎರಡು ತಿಂಗಳು. ಸದ್ಯಕ್ಕೆ ಸೆಲ್ಲೋಟೇಪ್ ಹಚ್ಚಿದ್ದೇನೆ, ತೂಕ ಮಾತ್ರ ಕದಲಿಲ್ಲ.