ಫೆಟ್ ಸಿಮ್ಯುಲೇಶನ್‌ಗಳು: ಬಿ.ಎಡ್. ಮುಗಿಯುವ ಹೊತ್ತಿಗೆ ನನ್ನ ಅಭಿಪ್ರಾಯ

ಬಿ.ಎಡ್. ಸೇರಿದವರ ಮೊಬೈಲ್ ಮೊದಲ ಸೆಮಿಸ್ಟರ್‌ನಲ್ಲೇ ಆಪ್‌ಗಳಿಂದ ತುಂಬಿಹೋಗುತ್ತದೆ. ರಸಪ್ರಶ್ನೆಗೆ ಕಹೂಟ್, ಗೋಡೆಪತ್ರಿಕೆಗೆ ಪ್ಯಾಡ್ಲೆಟ್, ಚಾರ್ಟಿಗೆ ಕ್ಯಾನ್ವಾ, ಗಣಿತದವರಿಗೆ ಜಿಯೋಜೀಬ್ರಾ. ನಾನೂ ಎಲ್ಲವನ್ನೂ ಹಾಕಿಕೊಂಡೆ, ಅಸೈನ್‌ಮೆಂಟ್ ಬರೆದೆ, ಅಂಕವೂ ಬಂತು. ಇಂಟರ್ನ್‌ಶಿಪ್‌ಗೆ ಹೋದ ಮೇಲೆ ಅವುಗಳಲ್ಲಿ ಹೆಚ್ಚಿನವು ಮೂಲೆ ಸೇರಿದವು. ಅವು ಕೆಟ್ಟವು ಎಂದಲ್ಲ. ಮಕ್ಕಳ ಕೈಯಲ್ಲಿ ಮೊಬೈಲ್ ಇರಬೇಕು, ತರಗತಿಯಲ್ಲಿ ನೆಟ್ ಇರಬೇಕು ಎಂಬ ಲೆಕ್ಕದಲ್ಲಿ ಅವುಗಳ ಆಟ ನಡೆಯುತ್ತದೆ. ನಾನು ಪಾಠ ಮಾಡಿದ ಸರ್ಕಾರಿ ಪ್ರೌಢಶಾಲೆಯ ಹತ್ತನೇ ತರಗತಿಯಲ್ಲಿ ಎರಡೂ ಇರಲಿಲ್ಲ. ಇದ್ದದ್ದು ಒಂದು ಪ್ರೊಜೆಕ್ಟರ್, ನನ್ನ ಹಳೆಯ ಲ್ಯಾಪ್‌ಟಾಪ್, ಆಗಾಗ ಕೈಕೊಡುವ ವಿದ್ಯುತ್. ಆ ಸ್ಥಿತಿಯಲ್ಲೂ ಕೊನೆಯವರೆಗೆ ಕೆಲಸಕ್ಕೆ ಬಂದದ್ದು ಫೆಟ್.

ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕದ ಕೊಲೊರಾಡೊ ಬೋಲ್ಡರ್ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಕಾರ್ಲ್ ವೈಮನ್ ಆರಂಭಿಸಿದ ಯೋಜನೆ ಇದು; ಸಿಮ್ಯುಲೇಶನ್‌ಗಳನ್ನು, ಎಂದರೆ ಪರದೆಯ ಮೇಲೆ ನಾವೇ ಮಾಡಿ ನೋಡಬಹುದಾದ ಅಣಕು ಪ್ರಯೋಗಗಳನ್ನು, ಕೊಡುತ್ತದೆ. ಅದಕ್ಕೆ ಹಿಂದಿನ ವರ್ಷವಷ್ಟೇ ಅವರಿಗೆ ಭೌತಶಾಸ್ತ್ರದ ನೊಬೆಲ್ ಬಂದಿತ್ತು. ಭೌತಶಾಸ್ತ್ರದಿಂದ ಶುರುವಾದದ್ದು ಈಗ ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರಕ್ಕೂ ಹಬ್ಬಿದೆ. ಬಳಸಲು ಹಣ ಕೊಡಬೇಕಿಲ್ಲ, ಮಕ್ಕಳು ಖಾತೆ ತೆರೆಯಬೇಕಿಲ್ಲ. ಸ್ವಯಂಸೇವಕರ ಅನುವಾದದಿಂದ ಹಲವು ಸಿಮ್ಯುಲೇಶನ್‌ಗಳು ಕನ್ನಡದಲ್ಲೂ ಸಿಗುತ್ತವೆ. ಇವೆಲ್ಲಕ್ಕಿಂತ ನನಗೆ ಮುಖ್ಯವಾದದ್ದು ಬೇರೆ: ಹೊಸ ಸಿಮ್ಯುಲೇಶನ್‌ಗಳಲ್ಲಿ ಪ್ರತಿಯೊಂದನ್ನೂ ಒಂದೇ ಒಂದು ಫೈಲ್ ಆಗಿ ಇಳಿಸಿಕೊಳ್ಳಬಹುದು. ರಾತ್ರಿ ಮನೆಯಲ್ಲಿ ಇಳಿಸಿಕೊಂಡು ಪೆನ್‌ಡ್ರೈವ್‌ಗೆ ಹಾಕಿಕೊಂಡರೆ, ಬೆಳಿಗ್ಗೆ ನೆಟ್ ಇಲ್ಲದ ಊರಿನಲ್ಲೂ ಬ್ರೌಸರ್‌ನಲ್ಲಿ ತೆರೆದುಕೊಳ್ಳುತ್ತದೆ. ಇಂಟರ್‌ನೆಟ್ ಇಲ್ಲದೆ ನಡೆಯುವುದೇ ಈ ಆನ್‌ಲೈನ್ ಉಪಕರಣದ ದೊಡ್ಡ ಗುಣ ಎಂದರೆ ವಿಚಿತ್ರವೆನಿಸಬಹುದು, ಆದರೆ ನಮ್ಮ ಶಾಲೆಗಳ ಮಟ್ಟಿಗೆ ಮಾತು ಅಲ್ಲಿಗೇ ಬಂದು ನಿಲ್ಲುತ್ತದೆ.

ನಾನು ಅತಿ ಹೆಚ್ಚು ಬಳಸಿದ್ದು ‘ಸರ್ಕಿಟ್ ಕನ್‌ಸ್ಟ್ರಕ್ಷನ್ ಕಿಟ್: ಡಿಸಿ’. ಹತ್ತನೇ ತರಗತಿಯ ವಿದ್ಯುಚ್ಛಕ್ತಿ ಪಾಠಕ್ಕೆ ಹೇಳಿ ಮಾಡಿಸಿದ ಹಾಗಿದೆ. ಬ್ಯಾಟರಿ, ತಂತಿ, ಬಲ್ಬ್, ಸ್ವಿಚ್ ಎಳೆದು ತಂದು ಜೋಡಿಸಿದರೆ ವಿದ್ಯುತ್ ಮಂಡಲ (ಸರ್ಕಿಟ್) ಸಿದ್ಧ. ಬ್ಯಾಟರಿ 9 ವೋಲ್ಟ್, ಬಲ್ಬಿನ ರೋಧ 10 ಓಮ್ ಎಂದು ಮೊದಲೇ ಇಟ್ಟಿರುತ್ತಾರೆ, ಬೇಕಾದರೆ ಬದಲಾಯಿಸಿಕೊಳ್ಳಬಹುದು.

ಇದನ್ನು ತೋರಿಸುವ ಮೊದಲು ಮಕ್ಕಳ ಬಾಯಿಂದ ಉತ್ತರ ಹೊರಡಿಸಬೇಕು. ಎರಡು ಬಲ್ಬ್‌ಗಳನ್ನು ಸರಣಿಯಲ್ಲಿ ಜೋಡಿಸಿ, ಸ್ವಿಚ್ ಒತ್ತದೆ ಕೇಳಿದೆ: ಯಾವುದು ಹೆಚ್ಚು ಬೆಳಗುತ್ತದೆ? ತರಗತಿಯ ಮುಕ್ಕಾಲು ಕೈಗಳು ಬ್ಯಾಟರಿಯ ಧನಾಗ್ರದ ಪಕ್ಕದ ಬಲ್ಬಿನ ಪರವಾಗಿ ಎದ್ದವು. ಮೊದಲ ಬಲ್ಬ್ ಒಂದಿಷ್ಟು ಕರೆಂಟ್ ತಿಂದುಬಿಡುತ್ತದೆ, ಉಳಿದದ್ದು ಎರಡನೆಯದಕ್ಕೆ ಎಂಬುದು ಅವರ ವಾದ. ಸ್ವಿಚ್ ಒತ್ತಿದರೆ ಎರಡೂ ಒಂದೇ ಸಮ ಬೆಳಗಿದವು. ಪ್ರವಾಹ ಅಳೆಯುವ ಅಮ್ಮೀಟರ್ ಅನ್ನು ಮೊದಲ ಬಲ್ಬಿನ ಹಿಂದೆ, ನಡುವೆ, ಎರಡನೆಯದರ ಮುಂದೆ ಹಿಡಿದು ತೋರಿಸಿದೆ. ಮೂರು ಕಡೆಯೂ 0.45 ಆಂಪಿಯರ್. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ: “ಕರೆಂಟ್ ಖರ್ಚೇ ಆಗುವುದಿಲ್ಲ ಎಂದರೆ ಮನೆಗೆ ಬಿಲ್ ಯಾಕೆ ಬರುತ್ತದೆ?” ನನ್ನ ಪಾಠ ಯೋಜನೆಯಲ್ಲಿ ಎರಡು ದಿನ ಬಿಟ್ಟು ಬರಬೇಕಿದ್ದ ಕಿಲೋವ್ಯಾಟ್ ಅವರ್, ಅಂದರೆ ಬಿಲ್ಲಿನ ‘ಯೂನಿಟ್’, ಅಂದೇ ಬಂತು. ಖರ್ಚಾಗುವುದು ಶಕ್ತಿ, ಪ್ರವಾಹವಲ್ಲ ಎಂದು ಬರೀ ಸೀಮೆಸುಣ್ಣ ಹಿಡಿದು ಹೇಳಿದ್ದರೆ ಅವನು ಬರೆದುಕೊಂಡು ಸುಮ್ಮನಾಗುತ್ತಿದ್ದ.

ಇದೇ ಸಿಮ್ಯುಲೇಶನ್‌ನ ‘ಲ್ಯಾಬ್’ ವಿಭಾಗದಲ್ಲಿ ಪೆನ್ಸಿಲ್, ರಬ್ಬರ್, ನಾಣ್ಯ, ಡಾಲರ್ ನೋಟು, ಪೇಪರ್ ಕ್ಲಿಪ್, ಕೈ, ಕೊನೆಗೆ ಒಂದು ನಾಯಿಯನ್ನೂ ಇಟ್ಟಿದ್ದಾರೆ. ವಾಹಕ ಯಾವುದು, ಅವಾಹಕ ಯಾವುದು ಎಂದು ಪರೀಕ್ಷಿಸಲಿಕ್ಕೆ. ನಾಯಿಯನ್ನು ಕಂಡ ಮೇಲೆ ಐದು ನಿಮಿಷ ಪಾಠ ನಡೆಯುವುದಿಲ್ಲ, ಅಷ್ಟು ಸಮಯವನ್ನು ಮೊದಲೇ ತೆಗೆದಿಟ್ಟುಕೊಳ್ಳಿ. ಬ್ಯಾಟರಿಯ ಎರಡು ತುದಿಗಳನ್ನು ನೇರವಾಗಿ ತಂತಿಯಿಂದ ಜೋಡಿಸಿದರೆ ಪರದೆಯ ಮೇಲೆ ಬೆಂಕಿ ಹತ್ತುತ್ತದೆ. ಹ್ರಸ್ವ ಮಂಡಲವನ್ನು (ಶಾರ್ಟ್ ಸರ್ಕಿಟ್) ಯಾರ ಕೈಯೂ ಸುಡದೆ ತೋರಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ.

ಇನ್ನು ತಕರಾರು. ಪರದೆಯ ಮೇಲೆ ಎಲೆಕ್ಟ್ರಾನ್‌ಗಳು ನೀಲಿ ಗುಂಡುಗಳಾಗಿ ತಂತಿಯುದ್ದಕ್ಕೂ ಓಡುವುದು ಕಾಣುತ್ತದೆ. ನೋಡಲು ಚೆನ್ನ, ಆದರೆ ಬ್ಯಾಟರಿಯಿಂದ ಹೊರಟ ಗುಂಡು ಬಲ್ಬ್ ತಲುಪಿದ ಮೇಲೆ ಬೆಳಕು ಬರುತ್ತದೆ ಎಂದು ಮಕ್ಕಳು ತಿಳಿಯುವ ಅಪಾಯವಿದೆ. ವಾಹಕದಲ್ಲಿ ಎಲೆಕ್ಟ್ರಾನ್‌ಗಳು ಸಾಗುವ ವೇಗ ಸೆಕೆಂಡಿಗೆ ಸುಮಾರು 1 ಮಿಲಿಮೀಟರ್ ಮಟ್ಟದ್ದು ಎಂದು ಪಠ್ಯಪುಸ್ತಕವೇ ಹೇಳುತ್ತದೆ. ಬಲ್ಬ್ ತಕ್ಷಣ ಹೊತ್ತುವುದು ಮಂಡಲದ ಎಲ್ಲ ಕಡೆಯ ಎಲೆಕ್ಟ್ರಾನ್‌ಗಳೂ ಬಹುತೇಕ ಒಟ್ಟಿಗೇ ಹೊರಡುವುದರಿಂದ. ಇದನ್ನು ಶಿಕ್ಷಕರೇ ಬಾಯಿಬಿಟ್ಟು ಹೇಳಬೇಕು, ಚಿತ್ರ ಹೇಳುವುದಿಲ್ಲ.

ಎರಡನೆಯದು ಇನ್ನೂ ಸ್ವಾರಸ್ಯವಾದದ್ದು. ಸಮಾಂತರ ಜೋಡಣೆಯಲ್ಲಿ ಎರಡನೆಯ ಬಲ್ಬ್ ಸೇರಿಸಿದಾಗ ಮೊದಲನೆಯದರ ಬೆಳಕು ಪರದೆಯ ಮೇಲೆ ಕುಗ್ಗಲಿಲ್ಲ; ಒಟ್ಟು ಪ್ರವಾಹ ಮಾತ್ರ 0.9ರಿಂದ 1.8 ಆಂಪಿಯರ್‌ಗೆ ಏರಿತು. ಮರುದಿನ ಪ್ರಯೋಗಾಲಯದಲ್ಲಿ ಹಳೆಯ ಶುಷ್ಕ ಕೋಶಕ್ಕೆ ಟಾರ್ಚ್ ಬಲ್ಬ್‌ಗಳನ್ನು ಜೋಡಿಸಿದೆವು. ಎರಡನೆಯದು ಸೇರಿದ ಕೂಡಲೇ ಮೊದಲನೆಯದು ಮಂಕಾಯಿತು. “ಕಂಪ್ಯೂಟರ್ ಸುಳ್ಳು ಹೇಳಿತಾ ಮಿಸ್?” ಎಂದು ಒಬ್ಬಳು ಕೇಳಿಯೇ ಬಿಟ್ಟಳು. ಮತ್ತೆ ಲ್ಯಾಪ್‌ಟಾಪ್ ತೆರೆದು, ಸುಧಾರಿತ ಆಯ್ಕೆಗಳಲ್ಲಿ ಅಡಗಿರುವ ಬ್ಯಾಟರಿಯ ಆಂತರಿಕ ರೋಧವನ್ನು, ಎಂದರೆ ಬ್ಯಾಟರಿ ತನ್ನೊಳಗೇ ಪ್ರವಾಹಕ್ಕೆ ಒಡ್ಡುವ ತಡೆಯನ್ನು, ಏರಿಸಿದೆ. ಪರದೆಯ ಬಲ್ಬ್‌ಗಳೂ ಮಂಕಾದವು. ಆಂತರಿಕ ರೋಧ ಹತ್ತನೇ ತರಗತಿಯ ಪಠ್ಯದಲ್ಲಿಲ್ಲ, ಪರೀಕ್ಷೆಗೂ ಬರುವುದಿಲ್ಲ. ಆದರೂ ಆ ಅವಧಿಯನ್ನು ನಾನು ಬಿಟ್ಟುಕೊಡಲಾರೆ. ಸಿಮ್ಯುಲೇಶನ್ ಇದ್ದರೆ ಪ್ರಯೋಗಾಲಯ ಬೇಡ ಎನ್ನುವವರು ನಮ್ಮ ಕಾಲೇಜಿನಲ್ಲೂ ಇದ್ದಾರೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು, ಹೊಂದದಿದ್ದಾಗ ಯಾಕೆಂದು ಕೇಳುವುದರಲ್ಲಿಯೇ ಇದರ ನಿಜವಾದ ಪ್ರಯೋಜನ ಎಂಬುದು ನನ್ನ ಪಕ್ಕಾ ಅಭಿಪ್ರಾಯ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ರಾಸಾಯನಿಕ ಸಮೀಕರಣ ಸರಿದೂಗಿಸುವ ಸಿಮ್ಯುಲೇಶನ್ ಚೆನ್ನಾಗಿದೆ. ಮಸೂರ ಮತ್ತು ದರ್ಪಣಗಳದ್ದು ಕಿರಣ ಚಿತ್ರ ಬಿಡಿಸಲು ಹೆದರುವವರಿಗೆ ಧೈರ್ಯ ಕೊಡುತ್ತದೆ. ಆದರೆ ಕಿರಣವನ್ನು ಕೊನೆಗೆ ಸ್ಕೇಲ್ ಹಿಡಿದು ಕೈಯಲ್ಲೇ ಎಳೆಸಬೇಕು. ಓಮ್‌ನ ನಿಯಮದ್ದು ನನಗೆ ಅಷ್ಟೇನೂ ಹಿಡಿಸಲಿಲ್ಲ. ಸೂತ್ರದ ಅಕ್ಷರಗಳು ದೊಡ್ಡವು ಚಿಕ್ಕವು ಆಗುತ್ತವೆ, ಮಕ್ಕಳು ನಗುತ್ತಾರೆ, ಅಲ್ಲಿಗೆ ಮುಗಿಯಿತು. ನಾಲ್ಕು ಕೋಶ ಮತ್ತು ನೈಕ್ರೋಮ್ ತಂತಿ ಹಿಡಿದು ಪಠ್ಯದ ಚಟುವಟಿಕೆಯನ್ನೇ ಮಾಡಿಸುವುದು ಮೇಲು. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಹಿಡಿದು ಸರ್ಕಾರದ ಕಲಿಕಾ ತಾಣ ದೀಕ್ಷಾದ ವಿಡಿಯೊ ತೋರಿಸುವುದು ಪುನರಾವರ್ತನೆಗೆ ಒಳ್ಳೆಯದು, ಆದರೆ ವಿಡಿಯೊದೊಳಗೆ ಮಕ್ಕಳು ತಂತಿ ಜೋಡಿಸಲು ಆಗುವುದಿಲ್ಲವಲ್ಲ. ಮಕ್ಕಳ ಕೈಗೆ ಮೊಬೈಲ್ ಕೊಡದೆ ರಸಪ್ರಶ್ನೆ ಮಾಡಬೇಕೆಂದರೆ ಪ್ಲಿಕರ್ಸ್ ನೋಡಿ: ಮಕ್ಕಳು ಎತ್ತಿ ಹಿಡಿದ ಮುದ್ರಿತ ಕಾರ್ಡ್‌ಗಳನ್ನು ಶಿಕ್ಷಕರ ಒಂದೇ ಮೊಬೈಲ್ ಓದುತ್ತದೆ. ಆ ‘ಮೊದಲ ಬಲ್ಬ್’ ಪ್ರಶ್ನೆಗೆ ಕೈ ಎತ್ತಿಸುವ ಬದಲು ಕಾರ್ಡ್ ಎತ್ತಿಸಿದರೆ ಪಕ್ಕದವನನ್ನು ನೋಡಿ ಉತ್ತರಿಸುವುದೂ ತಪ್ಪುತ್ತದೆ.

ಬಿ.ಎಡ್. ಗೆಳೆಯರಿಗೆ ಒಂದು ಸೂಚನೆ. ಪಾಠ ಯೋಜನೆಯ ಬೋಧನೋಪಕರಣದ ಅಂಕಣದಲ್ಲಿ ‘ಫೆಟ್ ಸಿಮ್ಯುಲೇಶನ್’ ಎಂದಷ್ಟೇ ಬರೆದರೆ ಪಾಠ ನೋಡಲು ಬರುವ ವೀಕ್ಷಕರು ಚಾರ್ಟ್ ಎಲ್ಲಿ ಎಂದು ಕೇಳುತ್ತಾರೆ. ಯಾವ ಮಂಡಲ, ತೋರಿಸುವ ಮೊದಲು ಕೇಳುವ ಪ್ರಶ್ನೆ ಯಾವುದು, ಬರಬಹುದಾದ ತಪ್ಪು ಉತ್ತರ ಯಾವುದು ಎಂದು ಮೂರು ಸಾಲು ಬರೆಯಿರಿ. ಜೊತೆಗೆ ಮಂಡಲದ ಚಿತ್ರವನ್ನು ಕಪ್ಪು ಹಲಗೆಯ ಮೇಲೂ ಬಿಡಿಸಿಡಿ. ಕರೆಂಟ್ ಹೋದರೆ ಪಾಠ ಅಲ್ಲಿಂದಲೇ ಮುಂದುವರಿಯಬೇಕಾಗುತ್ತದೆ.