ಚಾನೆಲ್ಲೋ, ಆಟೋ ಉತ್ತರವೋ, ಬ್ರಾಡ್‌ಕಾಸ್ಟೋ: ಒಬ್ಬ ಕುಚ್ಚು ಅಕ್ಕನ ಲೆಕ್ಕ

ಮೈಸೂರಿನ ಮಾನಂದವಾಡಿ ರಸ್ತೆಯ ರೇಷ್ಮೆ ಕಾರ್ಖಾನೆ 1912ರದ್ದು. ಅಲ್ಲಿ ಸೀರೆ ಕೊಂಡವರಲ್ಲಿ ಕೆಲವರು ಸೆರಗಿಗೆ ಕುಚ್ಚು ಹಾಕಿಸಲು ನಮ್ಮ ಮನೆಗೆ ಬರುತ್ತಾರೆ. ವಾಟ್ಸಾಪ್‌ನಲ್ಲಿ ಎಂಟು ವರ್ಷ ನನ್ನ ಡಿಪಿ ಒಂದು ಗುಲಾಬಿ ಹೂವಾಗಿತ್ತು. ಹೋದ ದಸರಾಕ್ಕೆ ಮುಂಚೆ ಮಗಳು ಅದನ್ನು ತೆಗೆಸಿ, ಕ್ರೋಶಾ ಸೂಜಿ ಹಿಡಿದ ನನ್ನ ಕೈಯ ಫೋಟೋ ಹಾಕಿದಳು. ವ್ಯಾಪಾರದವರಿಗೆಂದೇ ಇರುವ ವಾಟ್ಸಾಪ್ ಬಿಸಿನೆಸ್ ಆ್ಯಪ್ಪೂ ಬಂತು. ಹೆಸರು ಮಾತ್ರ ‘ಕುಚ್ಚು ಅಕ್ಕ’ ಅಂತಲೇ ಇರಲಿ ಎಂದೆ.

ಗಿರಾಕಿಗಳಿಗೆ ಕುಚ್ಚಿನ ಫೋಟೋ ತೋರಿಸಲು ಮೊದಲು ವಾಟ್ಸಾಪ್ ಚಾನೆಲ್ ಮಾಡಿದೆವು. ನೋಡಲು ಚೆಂದ. ಆದರೆ ಒಂದು ಫೋಟೋಗೆ ಹನ್ನೆರಡು ಹೃದಯ ಬಿದ್ದರೆ ಒತ್ತಿದ್ದು ಯಾರು ಅಂತ ಗೊತ್ತಾಗುವುದಿಲ್ಲ. ನನಗೆ ಬೇಕಾದ್ದು "ಅಕ್ಕ, ಇದೇ ಥರ ಹಸಿರು ದಾರದಲ್ಲಿ ಆಗುತ್ತಾ?" ಅನ್ನುವ ಪ್ರಶ್ನೆ. ಒಂದೇ ತಿಂಗಳಿಗೆ ಸುಮ್ಮನಾದೆ.

ಆಮೇಲೆ ಆಟೋ ಉತ್ತರ. ಹೊಸಬರು ಬರೆದರೆ ತಾನಾಗಿ ಸ್ವಾಗತ ಹೋಗುತ್ತದೆ, ಅದು ಒಳ್ಳೆಯದೇ. ತೊಂದರೆ ಇರುವುದು ಬೇರೆ ಕಡೆ. 14 ದಿನ ಮಾತುಕತೆ ಇಲ್ಲದಿದ್ದರೆ ಹಳಬರಿಗೂ ಅದೇ ಸ್ವಾಗತ ಹೋಗುತ್ತದೆ. ನನ್ನ ಗಿರಾಕಿಗಳು ಬರುವುದೇ ಮದುವೆ, ಸೀಮಂತ, ಗೃಹಪ್ರವೇಶ ಅಂತ ಎರಡು ಮೂರು ತಿಂಗಳಿಗೊಮ್ಮೆ. ಅಂದರೆ ಎಲ್ಲರೂ ಪ್ರತಿ ಸಲ ಹೊಸಬರೇ! ಸರಸ್ವತಿಪುರಂನ ಅಜ್ಜಿಯೊಬ್ಬರು ನಾನು ಕುಚ್ಚು ಶುರು ಮಾಡಿದಾಗ ಮೊದಲ ಸೀರೆ ಕೊಟ್ಟವರು. "ಮೊಮ್ಮಗಳ ಮದುವೆ ಗೊತ್ತಾಯ್ತು ಕಣೇ" ಅಂತ ಬರೆದರು. "ನಮ್ಮನ್ನು ಸಂಪರ್ಕಿಸಿದ್ದಕ್ಕೆ ಧನ್ಯವಾದಗಳು, ನಾವು ಶೀಘ್ರದಲ್ಲೇ ಉತ್ತರಿಸುತ್ತೇವೆ" ಅಂತ ಹೋಯಿತು. ಅರ್ಧ ಗಂಟೆಗೆ ಫೋನು ಬಂತು. "ಯಾರೇ ಈ ನಾವು? ಆಳು ಇಟ್ಕೊಂಡಿದ್ದೀಯಾ?"

ಅವತ್ತೇ ಆಫ್ ಮಾಡಿದೆ. ಮೊದಲೇ ಬರೆದಿಟ್ಟು ಬೇಕಾದಾಗ ಕಳಿಸುವ ಕ್ವಿಕ್ ರಿಪ್ಲೈ ಮಾತ್ರ ಇಟ್ಟುಕೊಂಡೆ, ಅದೂ ಮನೆಯ ದಾರಿ ಹೇಳುವುದಕ್ಕೆ. ದಾರಿ ದಿನಕ್ಕೆ ಹತ್ತು ಸಲ ಟೈಪ್ ಮಾಡಿದರೆ ಪ್ರೀತಿ ಏನೂ ಜಾಸ್ತಿ ಆಗುವುದಿಲ್ಲ, ಅಲ್ವಾ?

ಉಳಿದದ್ದು ಬ್ರಾಡ್‌ಕಾಸ್ಟ್ ಪಟ್ಟಿ. ಒಂದು ಪಟ್ಟಿಗೆ 256 ಜನ, ನನಗೆ ಧಾರಾಳ. ಗ್ರೂಪ್ ಥರ ಒಬ್ಬರ ನಂಬರು ಇನ್ನೊಬ್ಬರಿಗೆ ಕಾಣುವುದಿಲ್ಲ, ಗುಡ್ ಮಾರ್ನಿಂಗ್ ಕಾಟವೂ ಇಲ್ಲ. ಒಂದು ಫೋಟೋ ಕಳಿಸಿದರೆ ಅವರವರ ಚಾಟ್‌ಗೇ ಹೋಗಿ ಬೀಳುತ್ತದೆ, ಉತ್ತರ ನನಗೊಬ್ಬಳಿಗೇ ಬರುತ್ತದೆ. ನನ್ನ ನಂಬರು ಸೇವ್ ಮಾಡಿಕೊಳ್ಳದವರಿಗೆ ಮಾತ್ರ ತಲುಪುವುದಿಲ್ಲ. ಮೊದಲು ಇದನ್ನೇ ದೊಡ್ಡ ಕೊರತೆ ಅಂದುಕೊಂಡಿದ್ದೆ. ತಲುಪದವರಿಗೆ ಒಬ್ಬೊಬ್ಬರಿಗೇ ಫೋನು ಮಾಡಿ "ನಂಬರು ಸೇವ್ ಮಾಡ್ಕೊಳ್ಳಿ" ಅನ್ನುವಾಗ ಅರ್ಧದಷ್ಟು ಜನ ಬೀರುವಿನಲ್ಲಿ ಉಳಿದ ಸೀರೆ ನೆನಪಿಸಿಕೊಂಡರು. ಉತ್ತರವನ್ನು ಈಗ ಟೈಪ್ ಮಾಡುವುದೂ ಕಡಿಮೆ. ಕುಚ್ಚು ಕಟ್ಟುತ್ತಲೇ ವಾಯ್ಸ್ ಮೆಸೇಜ್ ಕಳಿಸುತ್ತೇನೆ, ಹಿಂದೆ ಕುಕ್ಕರ್ ಕೂಗಿದರೂ ಯಾರೂ ಬೇಜಾರು ಮಾಡಿಕೊಂಡಿಲ್ಲ.

ಮಗಳು ಈಗ ಇನ್‌ಸ್ಟಾಗ್ರಾಂ ಅನ್ನುತ್ತಿದ್ದಾಳೆ. ಆಷಾಢ ಬರಲಿ, ಆಗ ಮದುವೆ ಸೀರೆಗಳ ಕಾಟ ಇರುವುದಿಲ್ಲ, ನೋಡೋಣ ಎಂದಿದ್ದೇನೆ.